ಮೂಲೆಯಲ್ಲಿ ಗೀಚಿದ ಹದಿನೆಂಟೂಮುಕ್ಕಾಲು: ಅಮೆರಿಕದ ಹಳೆಯ ಟಪಾಲಿನ ಠಸ್ಸೆ, ಅಂಚೆದರ ಓದುವ ಕ್ರಮ

ಲಕೋಟೆಯಿಲ್ಲ, ಅಂಚೆಚೀಟಿಯೂ ಇಲ್ಲ. ಬರೆದ ಹಾಳೆಯನ್ನೇ ಮಡಿಸಿ, ಅರಗಿನಿಂದ ಅಂಟಿಸಿ, ಹೊರಮೈಯಲ್ಲಿ ವಿಳಾಸ ಬರೆದಿದ್ದಾರೆ. ಎಡಗಡೆ ಕೆಂಪು ವೃತ್ತದೊಳಗೆ ಊರಿನ ಹೆಸರು, ತಿಂಗಳು, ತಾರೀಖು. ಬಲಗಡೆಯ ಮೇಲಿನ ಮೂಲೆಯಲ್ಲಿ ಅಂಚೆ ಗುಮಾಸ್ತ ಅವಸರದಲ್ಲಿ ಗೀಚಿದ 18¾. ಸಂಗ್ರಾಹಕರು ಸ್ಟಾಂಪ್‌ಲೆಸ್ ಕವರ್ ಎನ್ನುವುದು ಇದನ್ನೇ. 1840ರ ದಶಕದ ಮೊದಲಿನ ಅಮೆರಿಕದ ಟಪಾಲು ಹೆಚ್ಚುಕಡಿಮೆ ಎಲ್ಲವೂ ಹೀಗೇ ಇರುತ್ತದೆ.

ಹೊಸಬರ ಕಣ್ಣು ಮೊದಲು ಹೋಗುವುದು ಠಸ್ಸೆಯ ಮೇಲೆ. ಆದರೆ ಹೆಚ್ಚು ಕೆಲಸಕ್ಕೆ ಬರುವುದು ಆ ಅಂಕಿ. ಅಂಕಿಯ ಹಿಂದೆ ಮೂರು ಸಂಗತಿಗಳಿವೆ: ಕಾಗದ ಹೋದ ವರ್ಷ, ಅದು ಸಾಗಿದ ದೂರ, ಅದರಲ್ಲಿದ್ದ ಹಾಳೆಗಳ ಸಂಖ್ಯೆ. ಈ ಮೂರರ ಲೆಕ್ಕ ಅಂಕಿಗೆ ತಾಳೆಯಾದರೆ ಓದು ಸರಿ. ತಾಳೆಯಾಗದಿದ್ದರೆ ಎಲ್ಲೋ ತಪ್ಪಾಗಿ ಓದಿದ್ದೀರಿ, ಇಲ್ಲವೇ ಯಾರೋ ಕೈಯಾಡಿಸಿದ್ದಾರೆ.

ಕೈಗೆತ್ತಿಕೊಳ್ಳುವಾಗ

ಬೇಕಾಗುವ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಮಿಲಿಮೀಟರ್ ಗುರುತಿನ ಪಾರದರ್ಶಕ ಸ್ಕೇಲು, ಓರೆಯಾಗಿ ಹಿಡಿಯಲು ಸಣ್ಣ ಎಲ್‌ಇಡಿ ದೀಪ, ಸಾಧ್ಯವಾದರೆ ಒಂದು ಅಲ್ಟ್ರಾವಯಲೆಟ್ ದೀಪ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿದ್ದರೆ ಗ್ಲೌಸ್ ಬೇಡ. ಮಡಿಕೆಯನ್ನು ಪದೇಪದೇ ಬಿಡಿಸಬೇಡಿ. ಆ ಕಾಲದ ಕಬ್ಬಿಣದಂಶದ ಶಾಯಿ ಕಾಗದವನ್ನು ತಿನ್ನುತ್ತದೆ, ಮಡಿಕೆಯ ಗೆರೆಯಲ್ಲಿ ಅದು ಪಟ್ಟನೆ ಹರಿಯುತ್ತದೆ. ಒಮ್ಮೆ ಬಿಡಿಸಿ, ಒಳಗಿನ ಎಲ್ಲ ಪುಟಗಳ ಫೋಟೊ ತೆಗೆದುಕೊಂಡು, ಆಮೇಲೆ ಫೋಟೊದಲ್ಲೇ ಓದಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಲೇಬಾರದು. ಪಿವಿಸಿ ಕವರಿನಲ್ಲೂ ಇಡಬಾರದು, ಪಾಲಿಯೆಸ್ಟರ್ ಕವರ್ ಬಳಸಿ.

ಮೊದಲು ವರ್ಷ

1850ರ ದಶಕಕ್ಕೆ ಮೊದಲಿನ ಠಸ್ಸೆಗಳಲ್ಲಿ ವರ್ಷ ಇರುವುದು ಅಪರೂಪ. ತಿಂಗಳು, ತಾರೀಖು ಅಷ್ಟೇ ಸಿಗುತ್ತದೆ. ವರ್ಷವನ್ನು ಒಳಗಿನ ಕಾಗದದ ತಲೆಬರಹದಲ್ಲಿ ಹುಡುಕಬೇಕು. ಅಲ್ಲಿ ಇಲ್ಲದಿದ್ದರೆ ಹೊರಮೈಯಲ್ಲಿ, ವಿಳಾಸಕ್ಕೆ ಅಡ್ಡಲಾಗಿ, ಕಾಗದ ಪಡೆದವರು ಕಡತಕ್ಕೆ ಸೇರಿಸುವಾಗ ಬರೆದ ಟಿಪ್ಪಣಿ ನೋಡಿ. ಕಳಿಸಿದವರ ಹೆಸರು, ಬಂದ ತಾರೀಖು, ಉತ್ತರ ಬರೆದ ತಾರೀಖು ಅಲ್ಲಿರುತ್ತವೆ. ವ್ಯಾಪಾರಿಗಳು ಇದನ್ನು ತಪ್ಪದೆ ಬರೆಯುತ್ತಿದ್ದರು.

ಓದುವಾಗ ಮುಗ್ಗರಿಸುವ ಜಾಗ ಎರಡಿವೆ. ಜೋಡಿ ಎಸ್ ಬರುವಲ್ಲಿ ಮೊದಲನೆಯದನ್ನು ಎಫ್ ಹಾಗೆ ಕಾಣುವಂತೆ ಉದ್ದವಾಗಿ ಎಳೆಯುತ್ತಿದ್ದರು. ‘ಮಿಸ್’ ಎಂಬುದು ‘ಮಿಫ್ಸ್’ ಎಂದು ಕಂಡರೆ ಗಾಬರಿ ಬೇಡ. ಇನ್ನೊಂದು, ತಿಂಗಳುಗಳನ್ನು ಲ್ಯಾಟಿನ್ ಎಣಿಕೆಯಲ್ಲಿ ಚುಟುಕಾಗಿಸುವುದು: ಏಳು ಬರೆದು ಬಿ-ಇ-ಆರ್ ಸೇರಿಸಿದರೆ ಸೆಪ್ಟೆಂಬರ್, ಎಂಟಕ್ಕೆ ಸೇರಿಸಿದರೆ ಅಕ್ಟೋಬರ್, ಒಂಬತ್ತಕ್ಕೆ ನವೆಂಬರ್, ರೋಮನ್ ಹತ್ತಾದ ಎಕ್ಸ್‌ಗೆ ಡಿಸೆಂಬರ್. ಎಂಟು ಕಂಡ ತಕ್ಷಣ ಆಗಸ್ಟ್ ಎಂದುಕೊಂಡರೆ ಎರಡು ತಿಂಗಳು ತಪ್ಪಿತು.

ಠಸ್ಸೆ

ಅಮೆರಿಕದ ಸ್ವಾತಂತ್ರ್ಯಪೂರ್ವದ ಮತ್ತು ಆಮೇಲಿನ ಕೆಲವು ವರ್ಷಗಳ ಕಾಗದಗಳಲ್ಲಿ ಬಿಷಪ್ ಮಾರ್ಕ್ ಸಿಗುತ್ತದೆ. ಚಿಕ್ಕ ವೃತ್ತ, ನಡುವೆ ಅಡ್ಡಗೆರೆ, ತಿಂಗಳಿಗೆ ಎರಡು ಅಕ್ಷರ, ತಾರೀಖಿನ ಅಂಕಿ. 1661ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಬಿಷಪ್ ತಂದ ಪದ್ಧತಿ ಇದು, ಅಮೆರಿಕದಲ್ಲಿ ನ್ಯೂಯಾರ್ಕ್, ಫಿಲಡೆಲ್ಫಿಯಾದಂಥ ದೊಡ್ಡ ಕಚೇರಿಗಳಲ್ಲಿ ಬಳಕೆಯಾಯಿತು. ಊರಿನ ಹೆಸರನ್ನು ಒಂದೇ ಸಾಲಿನಲ್ಲಿ ಒತ್ತುವ ನೇರಸಾಲು ಠಸ್ಸೆ, ಅಂಡಾಕಾರದ ಠಸ್ಸೆ, ಎಲ್ಲಕ್ಕಿಂತ ಹೆಚ್ಚಾಗಿ ವೃತ್ತಾಕಾರದ್ದು, ಹೀಗೆ ಉಳಿದ ಬಗೆಗಳು. ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ಠಸ್ಸೆಗೆ ದುಡ್ಡು ಹಾಕುತ್ತಿರಲಿಲ್ಲ, ಊರು ಮತ್ತು ತಾರೀಖನ್ನು ಪೆನ್ನಿನಿಂದಲೇ ಬರೆದುಬಿಡುತ್ತಿದ್ದ. ಅದೂ ಅಧಿಕೃತ ಅಂಚೆ ಗುರುತೇ. ವಿಳಾಸದ ಕೈಬರಹಕ್ಕೂ ಅದಕ್ಕೂ ಶಾಯಿ, ಓರೆ ಬೇರೆಯಾಗಿರುವುದನ್ನು ಲೂಪಿನಲ್ಲಿ ನೋಡಿ ಬೇರ್ಪಡಿಸಿಕೊಳ್ಳಿ.

ವೃತ್ತವಾದರೆ ಹೊರಗೆರೆಯಿಂದ ಹೊರಗೆರೆಗೆ ಅಳೆಯಿರಿ. ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಒಳಗಿರುತ್ತದೆ. ಒಂದೇ ಊರಿನ ಎರಡು ಠಸ್ಸೆಗಳ ನಡುವೆ ಒಂದೆರಡು ಮಿಲಿಮೀಟರ್ ವ್ಯತ್ಯಾಸವಿದ್ದರೂ ಅವು ಬೇರೆ ಕಾಲದ ಬೇರೆ ಉಪಕರಣಗಳಿರಬಹುದು. ಹಾಗಾಗಿ ಅಂದಾಜಿನ ಅಳತೆ ಬೇಡ. ಬಣ್ಣವನ್ನು ಹಗಲು ಬೆಳಕಿನಲ್ಲೇ ನೋಡಿ, ಹಳದಿ ದೀಪದಡಿ ಹಸಿರು ಯಾವುದು ನೀಲಿ ಯಾವುದು ಎಂದು ತಿಳಿಯುವುದಿಲ್ಲ.

ರಾಜ್ಯದ ಸಂಕ್ಷೇಪ ಎಷ್ಟೋ ಸಲ ವರ್ಷದ ಸುಳಿವು ಕೊಡುತ್ತದೆ. ಮೇಯ್ನ್ 1820ರವರೆಗೆ ಮ್ಯಾಸಚೂಸೆಟ್ಸ್‌ನ ಭಾಗ. ಅಲೆಗ್ಸಾಂಡ್ರಿಯಾ ಊರಿನ ಮುಂದೆ ‘ಡಿ.ಸಿ.’ ಇದ್ದರೆ ಆ ಊರು ವರ್ಜೀನಿಯಾಕ್ಕೆ ಮರಳಿದ 1846–47ಕ್ಕಿಂತ ಹಿಂದಿನದು. ವೀಲಿಂಗ್ ಊರಿಗೆ ‘ವಿ.ಎ.’ ಎಂದಿದ್ದರೆ ಪಶ್ಚಿಮ ವರ್ಜೀನಿಯಾ ರಾಜ್ಯವಾದ 1863ಕ್ಕಿಂತ ಮೊದಲು. ಮಿಶಿಗನ್ ಹೆಸರಿನ ಮುಂದೆ ಪ್ರಾಂತ್ಯ ಎಂಬರ್ಥದ ‘ಟಿ’ ಇದ್ದರೆ 1837ಕ್ಕಿಂತ ಮೊದಲು. ಈಗ ಅಯೋವಾ ಎಂದು ಓದುವ ‘ಐ.ಎ.’ ಹಳೆಯ ಠಸ್ಸೆಗಳಲ್ಲಿ ಇಂಡಿಯಾನಾ ಆಗಿರುತ್ತದೆ. ಹರಾಜಿನ ಪಟ್ಟಿ ಮಾಡುವವರೂ ಇಲ್ಲಿ ಎಡವುವುದುಂಟು.

ದರ ಬದಲಾದ ಹಂತಗಳು

ಈ ಭಾಗವನ್ನು ಒಂದು ಕಾರ್ಡಿನ ಮೇಲೆ ಬರೆದು ಲೂಪಿನ ಪಕ್ಕ ಇಟ್ಟುಕೊಳ್ಳಿ. ಎಲ್ಲವೂ ಒಂದು ಹಾಳೆಯ ಕಾಗದಕ್ಕೆ, ಸೆಂಟ್‌ಗಳಲ್ಲಿ.

1 ಜೂನ್ 1792ರಿಂದ: 30 ಮೈಲಿವರೆಗೆ 6, 60ರವರೆಗೆ 8, 100ರವರೆಗೆ 10, 150ರವರೆಗೆ 12½, 200ರವರೆಗೆ 15, 250ರವರೆಗೆ 17, 350ರವರೆಗೆ 20, 450ರವರೆಗೆ 22, ಅದಕ್ಕೂ ಮೇಲೆ 25.

1 ಏಪ್ರಿಲ್ 1799ರಿಂದ: 40 ಮೈಲಿವರೆಗೆ 8, 90ರವರೆಗೆ 10, 150ರವರೆಗೆ 12½, 300ರವರೆಗೆ 17, 500ರವರೆಗೆ 20, ಮೇಲೆ 25.

1 ಫೆಬ್ರುವರಿ 1815ರಿಂದ ಮಾರ್ಚ್ 1816ರ ಕೊನೆಯವರೆಗೆ: ಬ್ರಿಟನ್ ಜೊತೆಗಿನ ಯುದ್ಧದ ಖರ್ಚಿಗೆಂದು ಮೇಲಿನದರ ಒಂದೂವರೆ ಪಟ್ಟು. ಅಂದರೆ 12, 15, 18¾, 25½, 30, 37½. ಏಪ್ರಿಲ್ 1816 ಒಂದೇ ತಿಂಗಳು 1799ರ ದರ ಮರಳಿತು.

1 ಮೇ 1816ರಿಂದ: 30 ಮೈಲಿವರೆಗೆ 6, 80ರವರೆಗೆ 10, 150ರವರೆಗೆ 12½, 400ರವರೆಗೆ 18½, ಮೇಲೆ 25. 1 ಮೇ 1825ರಂದು ಬದಲಾದದ್ದು ಒಂದೇ, 18½ ಹೋಗಿ 18¾ ಬಂತು.

1 ಜುಲೈ 1845ರಿಂದ: ಹಾಳೆಯ ಲೆಕ್ಕ ಹೋಗಿ ತೂಕದ ಲೆಕ್ಕ. ಅರ್ಧ ಔನ್ಸಿಗೆ, ಅಂದರೆ ಸುಮಾರು 14 ಗ್ರಾಮಿಗೆ, 300 ಮೈಲಿಯೊಳಗೆ 5, ಮೇಲೆ 10.

1 ಜುಲೈ 1851ರಿಂದ: 3000 ಮೈಲಿಯೊಳಗೆ ಮುಂಗಡ ಕೊಟ್ಟರೆ 3, ಕೊಡದಿದ್ದರೆ 5. ಅದಕ್ಕೂ ದೂರವಾದರೆ 6 ಮತ್ತು 10. 1 ಏಪ್ರಿಲ್ 1855ರಿಂದ ಮುಂಗಡ ಕಡ್ಡಾಯ, 1 ಜನವರಿ 1856ರಿಂದ ಅಂಚೆಚೀಟಿಯೇ ಕಡ್ಡಾಯ.

ಹನ್ನೆರಡೂವರೆ, ಹದಿನೆಂಟೂಮುಕ್ಕಾಲು ಎಂಬ ವಿಚಿತ್ರ ಅಂಕಿಗಳು ಯಾಕೆ? ನಮ್ಮಲ್ಲಿ ಆಣೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದಾಣೆ ಅಂದರೆ ಆರೂಕಾಲು ಪೈಸೆ, ಎರಡಾಣೆ ಹನ್ನೆರಡೂವರೆ, ಮೂರಾಣೆ ಹದಿನೆಂಟೂಮುಕ್ಕಾಲು, ನಾಲ್ಕಾಣೆ ಇಪ್ಪತ್ತೈದು. ಅಮೆರಿಕದಲ್ಲೂ ಜನರ ಕೈಯಲ್ಲಿ ಓಡಾಡುತ್ತಿದ್ದದ್ದು ಸ್ಪೇನಿನ ಬೆಳ್ಳಿ ನಾಣ್ಯ. ಅದರ ಡಾಲರಿಗೆ ಎಂಟು ರಿಯಾಲ್, ಒಂದು ರಿಯಾಲಿಗೆ ಹನ್ನೆರಡೂವರೆ ಸೆಂಟ್. 18½ ಸೆಂಟ್ ಕೊಡಲು ಸರಿಯಾದ ನಾಣ್ಯವಿರಲಿಲ್ಲ, 18¾ ಅಂದರೆ ಒಂದೂವರೆ ರಿಯಾಲ್, ಚಿಲ್ಲರೆ ತಕರಾರಿಲ್ಲ. ಸ್ಪೇನಿನ ಈ ನಾಣ್ಯಗಳು 1857ರವರೆಗೆ ಅಲ್ಲಿ ಕಾನೂನುಬದ್ಧವಾಗಿ ಚಲಾವಣೆಯಲ್ಲಿದ್ದವು.

1792ಕ್ಕೂ ಹಿಂದಿನ ಕಾಗದದಲ್ಲಿ ಸೆಂಟ್ ಹುಡುಕಬೇಡಿ. ಆಗ ದರ ಬರೆಯುತ್ತಿದ್ದದ್ದು ಬೆಳ್ಳಿಯ ತೂಕದಲ್ಲಿ, ಪೆನ್ನಿವೇಟ್ ಮತ್ತು ಗ್ರೇನ್ ಲೆಕ್ಕದಲ್ಲಿ. 24 ಗ್ರೇನಿಗೆ ಒಂದು ಪೆನ್ನಿವೇಟ್, ಅದಕ್ಕೆ ಮೂರು ಪೆನ್ಸ್ ಸ್ಟರ್ಲಿಂಗ್. ಮೂಲೆಯಲ್ಲಿ 2.16 ಎಂದಿದ್ದರೆ ಅದು ಎರಡು ಪೆನ್ನಿವೇಟ್ ಹದಿನಾರು ಗ್ರೇನ್, ಅಂದರೆ ಎಂಟು ಪೆನ್ಸ್. ದಶಮಾಂಶವೆಂದು ಓದಿದರೆ ಕೆಟ್ಟಿತು. ಪ್ರತಿ ವಸಾಹತಿನ ಸ್ಥಳೀಯ ನಾಣ್ಯದ ಬೆಲೆ ಬೇರೆಬೇರೆ ಇದ್ದದ್ದರಿಂದ ಬೆಳ್ಳಿಯ ತೂಕವನ್ನು ಅಳತೆಗೋಲಾಗಿ ಹಿಡಿದಿದ್ದರು.

ದೂರ

ಮೈಲಿ ಎಂದರೆ ಅಂಚೆರಸ್ತೆಯ ಮೈಲಿ, ನಕಾಶೆಯ ಮೇಲೆ ದಾರ ಹಿಡಿದು ಅಳೆದದ್ದಲ್ಲ. ಇಂದಿನ ಹೆದ್ದಾರಿಯ ದೂರ ಅಂದಾಜಿಗೆ ಸಾಕು, ಗಡಿಯ ಹತ್ತಿರ ಸಾಲದು. 145 ಎಂದೋ 155 ಎಂದೋ ಬಂದರೆ ಆ ಕಾಲದ ಅಂಚೆ ನಕಾಶೆ, ಅಂಚೆ ಕಚೇರಿಗಳ ಪಟ್ಟಿ ನೋಡಲೇಬೇಕು. ಏಬ್ರಹಾಂ ಬ್ರಾಡ್ಲಿ 1796ರಲ್ಲಿ ಮಾಡಿದ ಅಂಚೆ ನಕಾಶೆಯ ಸ್ಕ್ಯಾನ್ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ.

ಒಂದೇ ದಾರಿಯನ್ನು ಹಿಡಿದು ಅಭ್ಯಾಸ ಮಾಡಿದರೆ ಕಣ್ಣು ಬೇಗ ಪಳಗುತ್ತದೆ. ನ್ಯೂಯಾರ್ಕಿನಿಂದ ಫಿಲಡೆಲ್ಫಿಯಾಕ್ಕೆ ಅಂಚೆರಸ್ತೆಯಲ್ಲಿ ತೊಂಬತ್ತು ದಾಟಿ ನೂರರೊಳಗೆ. ಆದ್ದರಿಂದ 1792ರಲ್ಲಿ 10, 1799ರಲ್ಲಿ 12½, ಯುದ್ಧದರದಲ್ಲಿ 18¾, 1816ರಿಂದ ಮತ್ತೆ 12½, 1845ರಲ್ಲಿ 5, 1851ರಲ್ಲಿ ಮುಂಗಡ 3. ಫಿಲಡೆಲ್ಫಿಯಾಕ್ಕೆ ಹೋದ ಒಂದು ಹಾಳೆಯ ಕಾಗದದ ಮೇಲೆ 18¾ ಕಂಡಿತೆಂದರೆ ಅದು 1815–16ರ ಹದಿನಾಲ್ಕು ತಿಂಗಳ ಒಳಗಿನದಿರಬೇಕು. ಯುದ್ಧದರದ ಕವರಿಗೆ ಸಂಗ್ರಾಹಕರು ಹೆಚ್ಚು ಕೊಡುವುದರಿಂದ ಈ ಒಂದು ಲೆಕ್ಕ ತಿಳಿದಿರುವುದು ಲಾಭ.

ಹಾಳೆ ಎಷ್ಟು?

1845ರ ತನಕ ಒಂದು ಹಾಳೆಗೆ ಒಂದು ದರ, ಎರಡಕ್ಕೆ ಎರಡು ಪಟ್ಟು, ಮೂರಕ್ಕೆ ಮೂರು. ಒಳಗೆ ಬ್ಯಾಂಕ್ ಡ್ರಾಫ್ಟ್ ಇಟ್ಟರೂ ಅದು ಇನ್ನೊಂದು ಹಾಳೆಯೇ, ಲಕೋಟೆ ಹಾಕಿದರೂ ಅಷ್ಟೇ. ಲಕೋಟೆ ಬಳಕೆಗೆ ಬಾರದೆ ಹೋದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ, ಒಂದು ದರ ಹೆಚ್ಚು ತೆತ್ತು ಯಾರು ಹಾಕಿಯಾರು? 1845ರಲ್ಲಿ ತೂಕದ ಲೆಕ್ಕ ಬಂದ ಮೇಲೆಯೇ ಲಕೋಟೆಗಳು ಹೆಚ್ಚಿದವು. ಮಡಿಸಿದ ಹಾಳೆಯೋ ಲಕೋಟೆಯೋ ಎಂಬುದೂ ಹೀಗೆ ಕಾಲದ ಸುಳಿವು.

ಗೊಂದಲ ಹುಟ್ಟುವುದು ಗುಣಾಕಾರದಲ್ಲಿ. 37½ ಎಂಬ ಅಂಕಿಯನ್ನೇ ತೆಗೆದುಕೊಳ್ಳಿ. 1815ರದ್ದಾದರೆ 500 ಮೈಲಿ ಮೀರಿದ ಒಂದು ಹಾಳೆ, ಇಲ್ಲವೇ 90ರಿಂದ 150 ಮೈಲಿ ಹೋದ ಎರಡು ಹಾಳೆ. 1830ರದ್ದಾದರೆ ಎರಡು ಹಾಳೆ 150ರಿಂದ 400 ಮೈಲಿ ಹೋಗಿದೆ, ಇಲ್ಲವೇ ಮೂರು ಹಾಳೆ 80ರಿಂದ 150 ಮೈಲಿ. ಎರಡು ಊರುಗಳ ದೂರ ನೋಡಿದೊಡನೆ ಇವುಗಳಲ್ಲಿ ಒಂದೇ ಉಳಿಯುತ್ತದೆ. 25 ಒಂದು ಹಾಳೆ 400 ಮೈಲಿ ಮೀರಿದ್ದೂ ಆಗಬಹುದು, 12½ರ ಎರಡು ಪಟ್ಟೂ ಆಗಬಹುದು. ನ್ಯೂ ಓರ್ಲಿಯನ್ಸಿನಿಂದ ನ್ಯೂಯಾರ್ಕಿಗೆ 1838ರಲ್ಲಿ ಹೋದ ವ್ಯಾಪಾರದ ಕಾಗದದ ಮೇಲೆ 50 ಇದ್ದು ಒಳಗೆ ಒಂದೇ ಹಾಳೆ ಸಿಕ್ಕರೆ, ಕಾಗದ ಓದಿ ನೋಡಿ. ‘ಇದರೊಡನೆ ಹುಂಡಿ (ಹಣ ಪಾವತಿಯ ಪತ್ರ) ಇಟ್ಟಿದೆ’ ಎಂಬರ್ಥದ ಸಾಲು ಎಲ್ಲಾದರೂ ಇರುತ್ತದೆ. ಹುಂಡಿ ಬ್ಯಾಂಕಿಗೆ ಹೋಯಿತು, ಅಂಕಿ ಇಲ್ಲುಳಿಯಿತು.

75 ಕಂಡರೆ ಇನ್ನೊಂದು ಸಾಧ್ಯತೆಯನ್ನೂ ನೆನಪಿಡಿ. 1836ರಿಂದ 1839ರವರೆಗೆ ಮುಖ್ಯ ಮಾರ್ಗಗಳಲ್ಲಿ ಕುದುರೆ ಸವಾರರ ಎಕ್ಸ್‌ಪ್ರೆಸ್ ಟಪಾಲು ಓಡುತ್ತಿತ್ತು, ಅದಕ್ಕೆ ದರ ಮೂರು ಪಟ್ಟು. ಮೇಲೆ ‘ಎಕ್ಸ್‌ಪ್ರೆಸ್ ಮೇಲ್’ ಎಂದು ಬರೆದಿದ್ದರೆ 75 ಎಂಬುದು ಒಂದೇ ಹಾಳೆಯ ದರ.

ದರವಲ್ಲದ ಅಂಕಿಗಳೂ ಕವರಿನ ಮೇಲಿರುತ್ತವೆ. ಕಳಿಸುವ ವ್ಯಾಪಾರಿಗೆ ಅಂಚೆ ಕಚೇರಿಯಲ್ಲಿ ಖಾತೆ ಇದ್ದರೆ ‘ಚಾರ್ಜ್ ಬಾಕ್ಸ್’ ಎಂದು ಬರೆದು ಪೆಟ್ಟಿಗೆಯ ಸಂಖ್ಯೆ ಹಾಕುತ್ತಿದ್ದರು. ಅದನ್ನು ದರವೆಂದು ಓದಿದವರ ಲೆಕ್ಕ ಜನ್ಮದಲ್ಲಿ ತಾಳೆಯಾಗುವುದಿಲ್ಲ. ಪೆನ್ಸಿಲಿನ ಅಂಕಿಗಳು ಬಹುಪಾಲು ಇತ್ತೀಚಿನ ವ್ಯಾಪಾರಿಗಳು ಬರೆದ ಬೆಲೆ.

ಹಡಗು, ದಾರಿ, ಸ್ಥಳೀಯ

ಖಾಸಗಿ ಹಡಗಿನಲ್ಲಿ ಬಂದ ಕಾಗದವನ್ನು ಕಪ್ತಾನ ಬಂದರಿನ ಅಂಚೆ ಕಚೇರಿಗೆ ಒಪ್ಪಿಸಿದರೆ ಅವನಿಗೆ ಕಾಗದವೊಂದಕ್ಕೆ 2 ಸೆಂಟ್. ಆ ಎರಡನ್ನು ಒಳನಾಡಿನ ದರಕ್ಕೆ ಕೂಡಿಸುತ್ತಿದ್ದರು. ಬಂದರಿನ ಊರಲ್ಲೇ ವಿತರಣೆಯಾದರೆ, 1799ರ ಕಾಯ್ದೆಯಿಂದಾಚೆ, ಒಟ್ಟು 6. ಹೀಗಾಗಿ ‘ಶಿಪ್’ ಎಂಬ ಮೊಹರಿನ ಜೊತೆ 8, 12, 14½, 20¾, 27 ಕಂಡರೆ ಎರಡು ಕಳೆದು ನೋಡಿ, 1825ರ ನಂತರದ ಐದು ದರಗಳೂ ಸಿಗುತ್ತವೆ. 1845ರ ನಂತರ ಅದೇ 7 ಮತ್ತು 12 ಆಯಿತು.

ನಮ್ಮ ದೇಶದಿಂದ ಹೋದ ಕಾಗದಗಳು ಸಿಗುವುದು ಈ ಗುಂಪಿನಲ್ಲೇ. ಬೋಸ್ಟನ್, ಸೇಲಂ ಬಂದರುಗಳ ಹಡಗುಗಳು ಕಲ್ಕತ್ತಕ್ಕೆ ನಿರಂತರವಾಗಿ ಓಡಾಡುತ್ತಿದ್ದವು. 1833ರಲ್ಲಂತೂ ಬೋಸ್ಟನ್ನಿನಿಂದ ಕಲ್ಕತ್ತಕ್ಕೆ ಮಂಜುಗಡ್ಡೆಯನ್ನೇ ಸಾಗಿಸಿದರು. ಕಲ್ಕತ್ತದಿಂದ ಹೊರಟು ಬೋಸ್ಟನ್ನಿನಲ್ಲಿ ಇಳಿದು ಸೇಲಂಗೆ ಹೋದ ಕಾಗದಕ್ಕೆ 1830ರಲ್ಲಿ 6ಕ್ಕೆ 2 ಸೇರಿ 8. ಅದೇ ದಾರಿಯಲ್ಲಿ 1810ರಲ್ಲಾದರೆ 8ಕ್ಕೆ 2 ಸೇರಿ 10.

ಅಂಚೆ ಕಚೇರಿಗಳ ನಡುವಿನ ರಸ್ತೆಯಲ್ಲಿ ಟಪಾಲಿನವನ ಕೈಗೇ ಕೊಟ್ಟ ಕಾಗದಕ್ಕೆ ‘ವೇ’ ಎಂಬ ಗುರುತು, ಒಂದು ಸೆಂಟ್ ಹೆಚ್ಚು. 1845–51ರ ನಡುವೆ ವೇ ಜೊತೆ 6 ಅಥವಾ 11 ಬಂದರೆ ಅದೇ. ‘ಸ್ಟೀಮ್’ ಅಥವಾ ‘ಸ್ಟೀಮ್‌ಬೋಟ್’ ಗುರುತಿನ ನದಿ ಟಪಾಲಿಗೆ ಸಾಮಾನ್ಯವಾಗಿ ಭೂಮಾರ್ಗದ ದರವೇ ಹತ್ತುತ್ತಿತ್ತು. ಒಂದೇ ಕಚೇರಿಯಲ್ಲಿ ಹಾಕಿ ಅಲ್ಲಿಂದಲೇ ಪಡೆಯುವ ಡ್ರಾಪ್ ಕಾಗದಕ್ಕೆ 1845ರವರೆಗೆ 1, ಆಮೇಲೆ 2, 1851ರಿಂದ ಮತ್ತೆ 1. 1845ರ ನಂತರದ 2 ಮುದ್ರಿತ ಸುತ್ತೋಲೆಯದೂ ಆಗಿರಬಹುದು, 1847ರಿಂದ ಸುತ್ತೋಲೆಗೆ ಮುಂಗಡ 3. ಒಳಗೆ ಅಚ್ಚಾಗಿದೆಯೋ ಕೈಬರಹವೋ ನೋಡಿದರೆ ಮುಗಿಯಿತು.

ದುಡ್ಡು ಕೊಟ್ಟವರು ಯಾರು

ನಮ್ಮ ಅಜ್ಜಂದಿರು ಬೇರಿಂಗ್ ಕಾಗದ ಎನ್ನುತ್ತಿದ್ದರಲ್ಲ, ಪಡೆದವರೇ ದುಡ್ಡು ತೆತ್ತು ಬಿಡಿಸಿಕೊಳ್ಳುವುದು, ಅಮೆರಿಕದಲ್ಲಿ 1855ರವರೆಗೆ ಅದು ಸಾಮಾನ್ಯ ಪದ್ಧತಿಯಾಗಿತ್ತು. ಏನೂ ಬರೆಯದಿದ್ದರೆ ಬಾಕಿ ಎಂದೇ ಅರ್ಥ. ಕಳಿಸಿದವರು ಕೊಟ್ಟಿದ್ದರೆ ‘ಪೇಡ್’ ಎಂಬ ಮೊಹರು ಅಥವಾ ಬರಹ ಇರುತ್ತದೆ. ‘ಫ್ರೀ’ ಇದ್ದರೆ ಸಹಿ ಹುಡುಕಿ. ಸಾಮಾನ್ಯವಾಗಿ ಬಲ ಮೇಲ್ಮೂಲೆಯಲ್ಲಿ ಹೆಸರು, ಅದರ ಮುಂದೆ ಪೋಸ್ಟ್‌ಮಾಸ್ಟರ್ ಆದರೆ ‘ಪಿ.ಎಂ.’, ಕಾಂಗ್ರೆಸ್ ಸದಸ್ಯನಾದರೆ ‘ಎಂ.ಸಿ.’ ಎಂದಿರುತ್ತದೆ. ಪ್ರಸಿದ್ಧರ ಸಹಿ ಎಂದು ಕುಣಿದಾಡುವ ಮೊದಲು ಅದು ಗುಮಾಸ್ತನ ಕೈಯದಲ್ಲ ಎಂದು ಖಚಿತವಾಗಬೇಕು.

1845ರ ನಂತರ

ಐದು ದರಗಳಿದ್ದಾಗ ಪ್ರತಿಯೊಂದಕ್ಕೂ ಮೊಹರು ಮಾಡಿಸುವುದು ಯಾರಿಗೂ ಬೇಕಿರಲಿಲ್ಲ, ಪೆನ್ನಿನಲ್ಲೇ ಬರೆಯುತ್ತಿದ್ದರು. ಎರಡೇ ದರ ಉಳಿದೊಡನೆ 5, 10 ಅಂಕಿಗಳ ದೊಡ್ಡ ಮೊಹರುಗಳು, ರೋಮನ್ ವಿ, ಎಕ್ಸ್ ಮೊಹರುಗಳು ಬಂದವು. ದರವನ್ನು ಊರಿನ ವೃತ್ತದೊಳಗೇ ಸೇರಿಸಿದ ಠಸ್ಸೆಗಳೂ ಬಂದವು. ಈ ಮೊಹರುಗಳಲ್ಲಿ ವರ್ಷ ಇಲ್ಲ ಎಂಬುದೇ ತೊಡಕು. ವರ್ಷವಿಲ್ಲದ ‘ಪೇಡ್ 5’ ದಕ್ಷಿಣದ ರಾಜ್ಯವೊಂದರ ಊರಿನದಾದರೆ ಎರಡು ಕಾಲಗಳಿಗೆ ಹೊಂದುತ್ತದೆ: 1845–51, ಇಲ್ಲವೇ ಅಂತರ್ಯುದ್ಧ. 1 ಜೂನ್ 1861ರಂದು ದಕ್ಷಿಣದ ರಾಜ್ಯಗಳು ಬೇರೆಯಾಗಿ ಕಟ್ಟಿಕೊಂಡ ಕಾನ್ಫೆಡರೇಟ್ ಸರ್ಕಾರ ಅಂಚೆಯನ್ನು ಕೈಗೆತ್ತಿಕೊಂಡಿತು, 500 ಮೈಲಿಯೊಳಗೆ 5, ಮೇಲೆ 10 ಎಂದಿಟ್ಟಿತು. ಆದರೆ ಅದರ ಚೀಟಿಗಳು ಬಂದದ್ದು ಅಕ್ಟೋಬರಿನಲ್ಲಿ. ನಡುವಿನ ತಿಂಗಳುಗಳಲ್ಲಿ ಹಳೆಯ ಮೊಹರುಗಳೇ ಮತ್ತೆ ಹೊರಬಂದವು. ಲಕೋಟೆಯಾಗಿದ್ದರೆ ಎರಡನೆಯದರ ಸಾಧ್ಯತೆ ಹೆಚ್ಚು. ಬೆಲೆಯಲ್ಲಿ ಅಜಗಜಾಂತರ, ಆದ್ದರಿಂದ ಊಹೆಯ ಮೇಲೆ ಕೊಳ್ಳಬೇಡಿ.

1847ರ ಜುಲೈಯಲ್ಲಿ ಫ್ರಾಂಕ್ಲಿನ್ನರ 5 ಸೆಂಟ್, ವಾಷಿಂಗ್ಟನ್ನರ 10 ಸೆಂಟ್ ಚೀಟಿಗಳು ಬಂದವು. 1 ಜುಲೈ 1851ರಿಂದ ಅವು ಚಲಾವಣೆ ಕಳೆದುಕೊಂಡವು. ಆ ತಾರೀಖಿನ ನಂತರದ ಕವರಿನ ಮೇಲೆ ಅವು ಕಂಡರೆ ಎರಡು ಸಲ ನೋಡಿ.

ಕೈಯಾಡಿಸಿದ್ದರೆ

ಅಗ್ಗದ ಸ್ಟಾಂಪ್‌ಲೆಸ್ ಕವರಿಗೆ 1847ರ ಚೀಟಿ ಅಂಟಿಸಿ ಬೆಲೆ ಏರಿಸುವುದು ಹಳೆಯ ಮೋಸ. ಪೆನ್ನಿನಲ್ಲಿ ಬಾಕಿ 10 ಬರೆದಿರುವ ಕವರಿನ ಮೇಲೆ 10 ಸೆಂಟ್ ಚೀಟಿಯೂ ಇದ್ದರೆ ಎರಡರಲ್ಲಿ ಒಂದು ಹೆಚ್ಚಾಯಿತು. ಆದರೂ ತಕ್ಷಣ ತೀರ್ಪು ಬೇಡ, ಕೆಲವು ಕಚೇರಿಗಳು ಅಂಕಿಯ ಮೊಹರಿನಿಂದಲೇ ಚೀಟಿಯನ್ನು ರದ್ದು ಮಾಡುತ್ತಿದ್ದವು. ರದ್ದತಿಯ ಗೆರೆ ಚೀಟಿಯಿಂದ ಕಾಗದಕ್ಕೆ ಕಡಿಯದೆ ಹರಿದಿದೆಯೇ, ಎರಡೂ ಕಡೆ ಶಾಯಿ ಒಂದೇ ಬಣ್ಣವೇ, ಅಲ್ಟ್ರಾವಯಲೆಟ್ ದೀಪದಡಿ ಒಂದೇ ಥರ ಕಾಣುತ್ತದೆಯೇ ನೋಡಿ.

ಸೇರಿಸಿದ ಠಸ್ಸೆಯನ್ನು ಹಿಡಿಯುವ ಜಾಗ ಮಡಿಕೆ. ನಿಜವಾದ ಠಸ್ಸೆ ಬಿದ್ದಾಗ ಕಾಗದ ಹೊಸದು, ಮಡಿಕೆ ಸವೆದಿರಲಿಲ್ಲ. ನಂತರ ನಾರು ಒಡೆದಾಗ ಅದರೊಡನೆ ಶಾಯಿಯೂ ಉದುರುತ್ತದೆ. ನೂರೈವತ್ತು ವರ್ಷ ಸವೆದ ಮಡಿಕೆಯ ಮೇಲೆ ಹೊಸದಾಗಿ ಒತ್ತಿದರೆ ಶಾಯಿ ಒಡೆದ ನಾರಿನೊಳಕ್ಕೆ ಇಳಿದು ಮಡಿಕೆಯುದ್ದಕ್ಕೂ ಕೂದಲೆಳೆಯಂತೆ ಹರಡುತ್ತದೆ. ಓರೆ ಬೆಳಕಿನಲ್ಲಿ ಲೂಪಿಟ್ಟರೆ ಇದು ಕಾಣುತ್ತದೆ. ದುಬಾರಿ ಕವರಾದರೆ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ನಿನಂಥ ಸಂಸ್ಥೆಯ ಪ್ರಮಾಣಪತ್ರವಿಲ್ಲದೆ ಕೊಳ್ಳಬಾರದು.

ಬರೆದಿಡುವುದು

ಕವರಿನ ಮೇಲೆ ಪೆನ್ಸಿಲ್ ಕೂಡ ಸೋಕಿಸಬೇಡಿ, ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ಠಸ್ಸೆಯ ಬಗೆ, ಅಳತೆ, ಬಣ್ಣ, ಉಳಿದ ಗುರುತುಗಳು, ದೂರ, ಆಮೇಲೆ ಲೆಕ್ಕವನ್ನು ಬಿಡಿಸಿ ಬರೆಯಿರಿ. ಮೇಲಿನ ಕಲ್ಕತ್ತದ ಕಾಗದವಾದರೆ ಹೀಗೆ: ‘ಬೋಸ್ಟನ್, ಕೆಂಪು ವೃತ್ತ, 28 ಮಿ.ಮೀ.; ಶಿಪ್ ಮೊಹರು, ಕೆಂಪು; ಪೆನ್ನಿನಲ್ಲಿ 8, ಬಾಕಿ; ವರ್ಷ ಒಳಗಿನ ತಲೆಬರಹದಿಂದ 1830; ಬೋಸ್ಟನ್–ಸೇಲಂ 30 ಮೈಲಿಯೊಳಗೆ; 6 + 2 = 8; ಹಾಳೆ ಒಂದು.’ ಲೆಕ್ಕ ಕೂಡದ ಕವರಿನ ಚೀಟಿಯಲ್ಲಿ ಉತ್ತರದ ಜಾಗವನ್ನು ಖಾಲಿ ಬಿಟ್ಟು, ಯಾವ ಯಾವ ಓದು ಪ್ರಯತ್ನಿಸಿದಿರಿ ಎಂಬುದನ್ನಷ್ಟೇ ಬರೆಯಿರಿ.